ಅಂಗಡಿ ಗದ್ದಿಗೆಯಿಂದ: ಬೇಲಿಯೇ ಹೊಲ ಮೇದಾಗ



ಕಾಳುಮೆಣಸಿನ ದಾಸ್ತಾನಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವ ಬಗೆಯನ್ನು ಈ ಸಲ ಬರೆಯುವೆನೆಂದು ಹೇಳಿದ್ದೆ. ಅದು ಮುಂದಿನ ಸಂಚಿಕೆಗೆ ಇರಲಿ. ಜತ್ತದ ಕಡೆಯ ಸಹೋದರಿಯೊಬ್ಬರು ಬರೆದ ಕಾಗದ ನನ್ನ ಮೇಜಿನ ಮೇಲಿದೆ. ಅದಕ್ಕೆ ಮೊದಲು ಉತ್ತರ ಹೋಗಬೇಕು.

"ಅಣ್ಣಾ, ನಮ್ಮ ಮನೆಯ ನಾಯಿಗೆ ಮೈಯೊಳಗಿನ ಕಾವಲೇ ರಕ್ತವನ್ನು ತಿನ್ನುವ ಜಡ್ಡು ಬಂದಿದೆ. ನಿಮ್ಮ ಮನೆಯಲ್ಲೂ ಹೀಗೇ ಆಗಿತ್ತೆಂದು ಬೀಗರು ಹೇಳಿದರು. ಒಂದು ಸೂಜಿ ಹಾಕಿಸಿ ಮುಗಿಸೋಣ ಎಂದು ನಮ್ಮ ಮನೆಯವರು ಅನ್ನುತ್ತಾರೆ. ಇಷ್ಟು ರೊಕ್ಕ ಸುರಿಯುವುದು ಮೋಹವೋ ದಯೆಯೋ, ನನಗೆ ತಿಳಿಯದಾಗಿದೆ." ಕಾಗದ ಇಷ್ಟೇ.

ನಾನು ವೈದ್ಯನಲ್ಲ, ಪಂಡಿತನೂ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ತಂದೆಯವರ ಕಾಫಿ, ಮೆಣಸಿನ ಅಂಗಡಿಯಲ್ಲಿ ಕುಳಿತವನು ಇನ್ನೂ ಅಲ್ಲೇ ಇದ್ದೇನೆ. ಆದರೆ ಈ ಒಂದು ಕಾಯಿಲೆಯನ್ನು ಏಳು ತಿಂಗಳು ದಿನವೂ ಬರೆದಿಟ್ಟ ಪುಸ್ತಕ ನನ್ನಲ್ಲಿದೆ. ಅದನ್ನು ನೋಡಿ ಬರೆಯುತ್ತಿದ್ದೇನೆ. ನನ್ನ ತಪ್ಪುಗಳೂ ಅದರಲ್ಲಿವೆ. ಅವನ್ನು ಬಿಟ್ಟು ಬರೆದರೆ ಲೆಕ್ಕ ಸರಿಹೋಗುವುದಿಲ್ಲ.

ಮೋತಿ ನಮ್ಮ ಮನೆಗೆ ಬಂದದ್ದು 2017ರಲ್ಲಿ, ಮೊಮ್ಮಗಳು ಶಾಲೆಗೆ ಸೇರಿದ ವರ್ಷ. ಅರ್ಧ ಸ್ಪ್ಯಾನಿಯಲ್ ಜಾತಿ, ಉಳಿದರ್ಧ ನಮ್ಮ ಕಲ್ಪೆಟ್ಟದ ಬೀದಿಯದು. ಹಾಲನ್ನ, ಮೊಸರನ್ನ, ಚಪಾತಿ ತಿಂದು ಬೆಳೆದವಳು. ಕಾಫಿ ಹಣ್ಣು ಒಣಗಿಸುವ ಕಣದ ಮೂಲೆಯಲ್ಲಿ ಮಲಗಿ ಮಂಗಗಳನ್ನು ಓಡಿಸುವುದು ಅವಳ ಉದ್ಯೋಗ.

2023ರ ಜನವರಿ, ಕಾಫಿ ಕೊಯ್ಲಿನ ಭರಾಟೆಯ ಕಾಲ. ಮಂಗಗಳು ಕಣಕ್ಕೆ ಇಳಿದರೂ ಮೋತಿ ಏಳಲಿಲ್ಲ. ಬಿಸಿಲಿಗೆ ಬಳಲಿದ್ದಾಳೆ ಎಂದುಕೊಂಡೆ. ಮರುದಿನ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯಿತು. ನನ್ನ ಮನೆಯಾಕೆ, "ನೋಡಿ, ಇವಳ ಕಣ್ಣು ಯಾಕೋ ಹಳದಿಯಾಗಿದೆ" ಎಂದಳು. ತೂಕದ ಕಾಟಾ ಮುಂದೆ ಹತ್ತು ಜನ ನಿಂತಿದ್ದರು. "ಸಂಜೆ ನೋಡೋಣ" ಎಂದೆ. ಸಂಜೆ ಔಷಧದ ಅಂಗಡಿಯಿಂದ ರಕ್ತ ಹೆಚ್ಚಿಸುವ ಕಬ್ಬಿಣದ ಟಾನಿಕ್ ತಂದು ಕುಡಿಸಿದೆ. ಹೀಗೆ ಮೂರು ದಿನ ಹೋಯಿತು. ನಾಲ್ಕನೆಯ ಬೆಳಿಗ್ಗೆ ತೊಳೆದ ಸಿಮೆಂಟಿನ ಮೇಲೆ ಅವಳು ಮೂತ್ರ ಮಾಡಿದಾಗ ಅದರ ಬಣ್ಣ ಕಾಫಿ ಡಿಕಾಕ್ಷನ್ನಿನಂತಿತ್ತು. ಮನೆಯಾಕೆ ಮೋತಿಯ ತುಟಿ ಎತ್ತಿ ತೋರಿಸಿದಳು. ಒಸಡು ಸುಣ್ಣದ ಗೋಡೆಯಂತೆ ಬೆಳ್ಳಗಾಗಿತ್ತು. ಅಂಗಡಿಯ ಬಾಗಿಲು ಹಾಕಿ ಹೊರಟೆ.

ಪೇಟೆಯ ಪಶುವೈದ್ಯರು ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ, ಅದಕ್ಕೆ ಸಲೈನ್ ನೀರು ಬೆರೆಸಿ ಅಲ್ಲಾಡಿಸಿದರು. ಆರೋಗ್ಯದ ರಕ್ತವಾದರೆ ತಿಳಿಯಾಗಿ ಹರಡಬೇಕಂತೆ. ಮೋತಿಯ ರಕ್ತ ಒಡೆದ ಹಾಲಿನಂತೆ ಕಾಳುಕಾಳಾಗಿಯೇ ಉಳಿಯಿತು. ಅವರು ನನ್ನನ್ನು ಸಾಲಾಗಿ ಪ್ರಶ್ನೆ ಕೇಳಿದರು.

"ಈರುಳ್ಳಿ, ಬೆಳ್ಳುಳ್ಳಿ ತಿಂದಿದೆಯೇ?"

ನಾವು ಜೈನರು, ಅವು ನಮ್ಮ ಅಡಿಗೆ ಮನೆಗೇ ಬರುವುದಿಲ್ಲ ಎಂದೆ. ಅವರು ನಕ್ಕು, "ಹಾಗಾದರೆ ನಿಮ್ಮ ನಾಯಿಗಳು ಪುಣ್ಯವಂತರು" ಎಂದರು. ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿರಲಿ ಬೆಂದಿರಲಿ, ನಾಯಿಯ ಕೆಂಪು ರಕ್ತಕಣವನ್ನು ಒಡೆಯುತ್ತವಂತೆ. ಹೋಟೆಲಿನ ಸಾಂಬಾರು ಕಲಸಿದ ಅನ್ನವನ್ನು ನಾಯಿಗೆ ಹಾಕುವವರು ಇದನ್ನು ತಿಳಿದಿರಬೇಕು.

"ನಾಣ್ಯವನ್ನೋ ಲೋಹದ ತುಂಡನ್ನೋ ನುಂಗಿದೆಯೇ? ಸತುವು ಹೊಟ್ಟೆಗೆ ಹೋದರೂ ಹೀಗಾಗುವುದುಂಟು. ಜ್ವರವೆಂದು ಪ್ಯಾರಾಸಿಟಮಾಲ್ ಕೊಟ್ಟಿರಾ?"

ಎರಡೂ ಇಲ್ಲ ಎಂದೆ.

"ಉಣುಗು ಕಚ್ಚಿವೆಯೇ?"

ಈ ಪ್ರಶ್ನೆಗೆ ನಾನು ಬೇಗ ಉತ್ತರ ಕೊಡಲಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಅವರು ನಮ್ಮನ್ನು ಪೂಕೋಡಿಗೆ ಕಳುಹಿಸಿದರು. ಕೇರಳದ ಪಶುವೈದ್ಯ ವಿಶ್ವವಿದ್ಯಾಲಯ 2010ರಲ್ಲಿ ಸ್ಥಾಪನೆಯಾದದ್ದು ಅಲ್ಲಿಯೇ, ನಮ್ಮ ಪೇಟೆಯಿಂದ ಸುಮಾರು 15 ಕಿ.ಮೀ. ದೂರ. ಅಲ್ಲಿಯ ಕಾಲೇಜಿನ ಆಸ್ಪತ್ರೆಯಲ್ಲಿ ಒಬ್ಬ ವೈದ್ಯರು ನನಗೆ ಕಾಯಿಲೆಯನ್ನು ಮಲಯಾಳದಲ್ಲಿ ವಿವರಿಸಿದರು. ನನಗೆ ತಿಳಿದಷ್ಟನ್ನು ನಮ್ಮ ಅಂಗಡಿಯ ಮಾತಿನಲ್ಲಿ ಹೇಳುತ್ತೇನೆ.

ಮೈಯೊಳಗೆ ಒಂದು ಕಾವಲು ಪಡೆಯಿದೆ. ಹೊರಗಿನಿಂದ ಬಂದ ರೋಗಾಣುವಿನ ಮೇಲೆ ಅದು ಗುರುತಿನ ಮುದ್ರೆ ಒತ್ತುತ್ತದೆ. ಮುದ್ರೆ ಬಿದ್ದದ್ದನ್ನು ಗುಲ್ಮ ಮತ್ತು ಯಕೃತ್ತಿನಲ್ಲಿರುವ ಕಣಗಳು ನುಂಗಿ ಹಾಕುತ್ತವೆ. ಈ ಕಾಯಿಲೆಯಲ್ಲಿ ಆ ಪಡೆ ತನ್ನದೇ ಕೆಂಪು ರಕ್ತಕಣಗಳ ಮೇಲೆ ಮುದ್ರೆ ಒತ್ತತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇದಂತೆ. ನಾಯಿಯ ಒಂದು ಕೆಂಪು ಕಣ ಸಾಮಾನ್ಯವಾಗಿ ನೂರು ದಿನಕ್ಕೂ ಹೆಚ್ಚು ಬಾಳುತ್ತದೆ. ಈ ರೋಗ ಬಂದರೆ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಎಲುಬಿನ ಮಜ್ಜೆ ಹೊಸ ಕಣ ಮಾಡುವಷ್ಟರಲ್ಲಿ ಹಳೆಯ ದಾಸ್ತಾನು ಖಾಲಿ. ಒಡೆದ ಕಣದ ಬಣ್ಣವೇ ಕಣ್ಣಿನ ಹಳದಿ, ಅದೇ ಮೂತ್ರದ ಕಪ್ಪು.

ರಕ್ತವನ್ನು ಸಣ್ಣ ಕೊಳವೆಯಲ್ಲಿ ಹಾಕಿ ಯಂತ್ರದಲ್ಲಿ ತಿರುಗಿಸಿದರೆ ಕೆಂಪು ಕಣಗಳು ತಳಕ್ಕೆ ಕೂರುತ್ತವೆ. ನೂರಕ್ಕೆ ಎಷ್ಟು ಪಾಲು ಕೆಂಪು ಎಂದು ಅಳೆಯುತ್ತಾರೆ. ಅದಕ್ಕೆ ಪಿ.ಸಿ.ವಿ. ಎನ್ನುತ್ತಾರೆ. ಆರೋಗ್ಯದ ನಾಯಿಗೆ ಅದು 37ರಿಂದ 55ರ ಒಳಗೆ ಇರುತ್ತದೆ. ಮೋತಿಗೆ ಆ ದಿನ 14 ಇತ್ತು. ಅದೇ ದಿನ ನಾನು ಹೊಸ ಪುಸ್ತಕ ತೆರೆದು ಮೊದಲ ಸಾಲಿನಲ್ಲಿ 14 ಎಂದು ಬರೆದೆ.

ಕಣದ ಮೇಲಿನ ಆ ಮುದ್ರೆಯನ್ನು ಪತ್ತೆ ಹಚ್ಚುವ ಪರೀಕ್ಷೆಗೆ ಕೂಂಬ್ಸ್ ಪರೀಕ್ಷೆ ಎಂದು ಹೆಸರು. ಇದನ್ನು 1945ರಲ್ಲಿ ಪ್ರಕಟಿಸಿದ ಮೂವರಲ್ಲಿ ಮುಖ್ಯರಾದ ರಾಬಿನ್ ಕೂಂಬ್ಸ್ ಎಡಿನ್‌ಬರೋದಲ್ಲಿ ಪಶುವೈದ್ಯ ಕಲಿತವರು. ಆದರೆ ಆ ಪರೀಕ್ಷೆಯಿಂದ ಉಪಕಾರವಾದದ್ದು ಹೆಚ್ಚಾಗಿ ಮನುಷ್ಯರಿಗೆ, ಅದರಲ್ಲೂ ತಾಯಿಯ ರಕ್ತದೊಡನೆ ಹೊಂದದೆ ಹುಟ್ಟುವ ಕೂಸುಗಳಿಗೆ. ನಾಯಿಗೆ ದೊಡ್ಡ ಪರೀಕ್ಷೆ ಯಾಕೆ ಎನ್ನುವವರಿಗೆ ನಾನು ಈ ಸಂಗತಿಯನ್ನು ಹೇಳುತ್ತೇನೆ.

ನಾನು ಕುಡಿಸಿದ ಟಾನಿಕ್ಕಿನ ವಿಷಯವೂ ಬಂತು. "ಗೌಡರೇ, ರಕ್ತ ಹೊರಗೆ ಸುರಿದು ಹೋಗಿದ್ದರೆ ಕಬ್ಬಿಣ ಬೇಕಾಗುತ್ತಿತ್ತು. ಇಲ್ಲಿ ಕಣ ಒಡೆದರೂ ಕಬ್ಬಿಣ ಮೈಯಲ್ಲೇ ಉಳಿದಿದೆ" ಎಂದರು ವೈದ್ಯರು. ಬೆಳ್ಳಿಯ ನಾಣ್ಯ ಕರಗಿಸಿದರೂ ಬೆಳ್ಳಿ ಪೆಟ್ಟಿಗೆಯಲ್ಲೇ ಇದ್ದ ಹಾಗೆ. ಪಿತ್ತಜನಕಾಂಗ ಬೇಯಿಸಿ ತಿನ್ನಿಸಿ ಎಂದು ಪರಿಚಯದವರು ಹೇಳಿದ್ದರಿಂದ ನಾವು ಸಂಕಟದಲ್ಲಿದ್ದೆವು. ಅದರ ಅಗತ್ಯವೇ ಇಲ್ಲವೆಂದು ತಿಳಿದು ಮನೆಯಾಕೆ ಕೈಮುಗಿದಳು. ಹಾಲು, ಪನೀರು, ಬೇಳೆ, ಸೋಯಾ ಸಾಕೆಂದು ಅವರೇ ಹೇಳಿದರು.

ಕಿವಿಯ ತುದಿಯಿಂದ ತೆಗೆದ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕೆಂಪು ಕಣಗಳ ಒಳಗೆ ಉಂಗುರದಂಥ ಚಿಕ್ಕ ಜೀವಿ ಕಂಡಿತು. ಅದರ ಹೆಸರು ಬಬೀಸಿಯಾ. ಉಣುಗು ಕಚ್ಚುವಾಗ ನಾಯಿಯ ರಕ್ತಕ್ಕೆ ಸೇರುತ್ತದೆ. ಆ ಕಳ್ಳನನ್ನು ಹಿಡಿಯಹೋದ ಕಾವಲು ಪಡೆ ಮನೆಯವರನ್ನೇ ಬಡಿಯತೊಡಗುತ್ತದೆ. ಕೆಲವು ನಾಯಿಗಳಲ್ಲಿ ಇಂಥ ಯಾವ ಕಾರಣವೂ ಕಾಣದೆ ರೋಗ ಬರುವುದುಂಟು. ಕಾರಣ ಸಿಕ್ಕರೆ ಅದಕ್ಕೂ ಮದ್ದು ಮಾಡಬಹುದು. ಆದ್ದರಿಂದ ಹುಡುಕುವುದು ಮುಖ್ಯ.

ಆ ದಿನ ಸಂಜೆಗೆ ಪಿ.ಸಿ.ವಿ. 11ಕ್ಕೆ ಇಳಿಯಿತು. ವೈದ್ಯರು ಮುಚ್ಚುಮರೆ ಇಲ್ಲದೆ ಹೇಳಿದರು: "ಈ ರೋಗದಲ್ಲಿ ಸಾಯುವ ನಾಯಿಗಳಲ್ಲಿ ಹೆಚ್ಚಿನವು ಮೊದಲ ಎರಡು ವಾರದಲ್ಲೇ ಸಾಯುತ್ತವೆ. ಅದನ್ನು ದಾಟಿದರೆ ಭರವಸೆ ಇದೆ. ನಾಳೆ ರಕ್ತ ಕೊಡಿಸೋಣ. ಬೇಡವೆಂದರೆ ನೋವಿಲ್ಲದೆ ಕಳುಹಿಸಿಕೊಡುವ ದಾರಿಯೂ ಇದೆ. ಮನೆಯಲ್ಲಿ ಮಾತಾಡಿ."

ಆ ರಾತ್ರಿ ಮೋತಿ ನಮ್ಮ ಜಗಲಿಯಲ್ಲಿ ಗೋಣಿ ಚೀಲದ ಮೇಲೆ ಮಲಗಿ ಏದುಸಿರು ಬಿಡುತ್ತಿದ್ದಳು. ಮಗ ನನ್ನನ್ನು ಪಕ್ಕಕ್ಕೆ ಕರೆದು, "ಅಪ್ಪಾ, ಅದನ್ನು ಯಾಕೆ ಹಿಂಸೆ ಮಾಡುವುದು, ಸಾಕು" ಎಂದ. ಅವನ ಕಣ್ಣಲ್ಲಿ ನೀರಿತ್ತು. ಕಠಿಣ ಮನಸ್ಸಿನಿಂದ ಆಡಿದ ಮಾತಲ್ಲ ಅದು. ನನಗೂ ಉತ್ತರ ತೋಚಲಿಲ್ಲ. ನಮ್ಮ ತಂದೆಯವರು ದೀಪ ಹಚ್ಚಿದ ಮೇಲೆ ಯಾವ ವ್ಯಾಪಾರವನ್ನೂ ಮುಗಿಸುತ್ತಿರಲಿಲ್ಲ. ದಣಿದ ತಲೆ ಸರಿಯಾಗಿ ತೂಗುವುದಿಲ್ಲ ಎನ್ನುತ್ತಿದ್ದರು. ಮನೆಯಾಕೆ ಅದನ್ನೇ ನೆನಪಿಸಿದಳು. "ಬೆಳಗಾಗಲಿ" ಎಂದಳು. ಅವಳು ಮೋತಿಯ ಬಳಿ ಕುಳಿತು ಣಮೋಕಾರ ಹೇಳುತ್ತ ಹೋದಳು. ನಾನು ಗಂಟೆಗೊಮ್ಮೆ ಉಸಿರು ಎಣಿಸಿ ಪುಸ್ತಕದಲ್ಲಿ ಬರೆದೆ. ಬೆಳಗಿನ ಜಾವ ಅವಳು ತಾನಾಗಿ ತಲೆ ಎತ್ತಿ ಎರಡು ಗುಟುಕು ನೀರು ಕುಡಿದಳು. ಹೊರಡೋಣವೆಂದು ಮಗನೇ ಕಾರು ತೆಗೆದ.

ರಕ್ತ ಕೊಡುವ ನಾಯಿ ಬೇಕಲ್ಲ. 25 ಕೆ.ಜಿ.ಗಿಂತ ಹೆಚ್ಚು ತೂಕದ, ಲಸಿಕೆಗಳೆಲ್ಲ ಆದ, ಆರೋಗ್ಯವಂತ ಎಳೆಯ ವಯಸ್ಸಿನ ನಾಯಿ ಆಗಬೇಕು. ಅದರ ರಕ್ತದಲ್ಲೂ ಉಣುಗಿನ ರೋಗ ಇಲ್ಲವೆಂದು ನೋಡಬೇಕು. ನಮ್ಮ ನೆರೆಯಲ್ಲಿ ನಿವೃತ್ತ ಮಾಸ್ತರರೊಬ್ಬರಿದ್ದಾರೆ, ಕ್ರಿಶ್ಚಿಯನರು. ಅವರ ಅಲ್ಸೇಶಿಯನ್ ಟೈಗರಿಗೂ ನಮ್ಮ ಮೋತಿಗೂ ಬೇಲಿಯ ಎರಡು ಕಡೆಯಿಂದ ದಿನವೂ ಜಗಳ. ಕೇಳಲು ಸಂಕೋಚವಾಗಿತ್ತು. ಮಾಸ್ತರರು ವಿಷಯ ಕೇಳಿದ್ದೇ ಚಪ್ಪಲಿ ಮೆಟ್ಟಿ ಟೈಗರನ್ನು ಕರೆದುಕೊಂಡು ಬಂದರು. ಮೀನು ಮಾಂಸ ತಿಂದ ಟೈಗರಿನ ರಕ್ತ ಮೊಸರನ್ನದ ಮೋತಿಯ ಮೈಗೆ ಹನಿಹನಿಯಾಗಿ ಇಳಿಯಿತು. ಮನೆಯಾಕೆ ಬಹಳ ಹೊತ್ತು ನೋಡಿ, "ಟೈಗರಿಗೆ ನಾಳೆ ಹೋಳಿಗೆ ಮಾಡುತ್ತೇನೆ" ಎಂದಳಷ್ಟೆ. ಸಿಹಿ ಬೇಡವೆಂದು ವೈದ್ಯರು ತಡೆದರು. ಹೋಳಿಗೆ ಮಾಸ್ತರರ ಮನೆಗೆ ಹೋಯಿತು.

ನಾಯಿಗಳಲ್ಲೂ ರಕ್ತದ ಗುಂಪುಗಳಿವೆ. ಮೊದಲ ಸಲ ಕೊಡುವಾಗ ಅಪಾಯ ಕಡಿಮೆ. ಎರಡನೆಯ ಸಲ ಹೊಂದಾಣಿಕೆ ನೋಡದೆ ಕೊಡಬಾರದು. ಇನ್ನೊಂದು ಮಾತು: ಕೊಟ್ಟ ರಕ್ತ ರೋಗಕ್ಕೆ ಮದ್ದಲ್ಲ. ಅದು ಕೈಗಡ ತಂದ ದುಡ್ಡು. ಅದನ್ನೂ ಮೈ ತಿಂದು ಹಾಕಬಹುದು. ಔಷಧ ಕೆಲಸ ಮಾಡುವ ತನಕ ದಿನ ತಳ್ಳಲು ಅಷ್ಟೆ. ನನ್ನ ಪುಸ್ತಕದಲ್ಲಿ ಹೀಗಿದೆ: ರಕ್ತ ಕೊಟ್ಟ ಸಂಜೆ 19. ಮೂರನೆಯ ದಿನ 15. ಆರನೆಯ ದಿನ 16. ಹತ್ತನೆಯ ದಿನ 21. ಮೂರು ವಾರಕ್ಕೆ 30. ಎರಡು ತಿಂಗಳಿಗೆ 38. 15 ಎಂದು ಬರೆದ ದಿನ ಕೈ ನಡುಗಿದ್ದು ಅಕ್ಷರದಲ್ಲಿ ಈಗಲೂ ಕಾಣುತ್ತದೆ.

ಔಷಧಗಳ ವಿಷಯಕ್ಕೆ ಬರುತ್ತೇನೆ. ಪ್ರಮಾಣ ನಿಮ್ಮ ವೈದ್ಯರದೇ ಆಗಬೇಕು. ನನ್ನದನ್ನು ನೋಡಿ ಕೊಡಬೇಡಿ. ಕಾವಲು ಪಡೆಯನ್ನು ತಣ್ಣಗಾಗಿಸಲು ಪ್ರೆಡ್ನಿಸೊಲೋನ್. ಅದಕ್ಕೆ ಜೊತೆಯಾಗಿ ಅಜಾಥಯೊಪ್ರಿನ್. ಇದರ ಮಾತ್ರೆ ಮುರಿಯುವಾಗ ಕೈಗವಸು ಬೇಕು, ನಡುನಡುವೆ ಯಕೃತ್ತಿನ ಪರೀಕ್ಷೆ ಬೇಕು. ರಕ್ತನಾಳದಲ್ಲಿ ಗರಣೆ ಕಟ್ಟದಂತೆ ಕ್ಲೊಪಿಡೊಗ್ರೆಲ್ ಮಾತ್ರೆಯ ಚೂರು. ಈ ರೋಗದಲ್ಲಿ ಎಷ್ಟೋ ನಾಯಿಗಳ ಪ್ರಾಣ ಹೋಗುವುದು ರಕ್ತ ಕಡಿಮೆಯಾಗಿ ಅಲ್ಲ, ಶ್ವಾಸಕೋಶದಲ್ಲಿ ರಕ್ತ ಗರಣೆಗಟ್ಟಿ ಎಂಬುದು ನನಗೆ ಹೊಸ ಸಂಗತಿ. ಬಬೀಸಿಯಾಕ್ಕೆ ಅಟೊವಕ್ವೋನ್ ಮತ್ತು ಅಜಿತ್ರೋಮೈಸಿನ್, ಹತ್ತು ದಿನ. ಅಟೊವಕ್ವೋನ್ ನಮ್ಮ ಪೇಟೆಯಲ್ಲಿ ಸಿಗದೆ ಕೋಝಿಕ್ಕೋಡಿನಿಂದ ತರಿಸಿದೆವು. ಅದನ್ನು ಎಂಟು ಗಂಟೆಗೊಮ್ಮೆ, ಜಿಡ್ಡಿನ ಆಹಾರದೊಂದಿಗೇ ಕೊಡಬೇಕು. ಇಲ್ಲದಿದ್ದರೆ ಮೈಗೆ ಹತ್ತುವುದಿಲ್ಲ. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು ಗಂಟೆಗೆ ತುಪ್ಪದನ್ನ. ತಲೆಮಾರುಗಳಿಂದ ಸೂರ್ಯಾಸ್ತದ ನಂತರ ಒಲೆ ಹಚ್ಚದ ನಮ್ಮ ಮನೆಯಲ್ಲಿ ರಾತ್ರಿ ಉಂಡವಳು ಮೋತಿ ಒಬ್ಬಳೇ.

ಎರಡು ವಾರ ದಾಟಿದ ಮೇಲೆ ಬೇರೆ ಪರೀಕ್ಷೆ ಶುರುವಾಯಿತು. ಪ್ರೆಡ್ನಿಸೊಲೋನ್ ಕೊಟ್ಟ ನಾಯಿಗೆ ತೀರದ ಹಸಿವು, ತೀರದ ಬಾಯಾರಿಕೆ. ರಾತ್ರಿ ಮೂರು ಸಲ ಹೊರಗೆ ಬಿಡಬೇಕು. ಹೊಟ್ಟೆ ಜೋತು ಬೀಳುತ್ತದೆ, ತೊಡೆಯ ಮಾಂಸ ಕರಗುತ್ತದೆ. ನೀರನ್ನು ಯಾವತ್ತೂ ತಡೆಯಬಾರದು. ಅನ್ನವನ್ನು ಮಾತ್ರ ಅಳತೆಯಲ್ಲೇ ಕೊಡಬೇಕು ಎಂದರು. ಮೋತಿ ತಟ್ಟೆ ನೆಕ್ಕಿ ಮುಗಿಸಿ ಮನೆಯಾಕೆಯ ಮುಖ ನೋಡುತ್ತ ನಿಲ್ಲುವಳು. "ಅಹಿಂಸಾಣುವ್ರತಕ್ಕೆ ಅನ್ನಪಾನನಿರೋಧ ಒಂದು ಅತಿಚಾರ ಎಂದು ನೀವೇ ಮಕ್ಕಳಿಗೆ ಹೇಳಿಕೊಡುತ್ತೀರಿ. ಈಗ ನನ್ನಿಂದಲೇ ಮಾಡಿಸುತ್ತೀರಿ" ಎಂದು ಅವಳು ನನ್ನ ಮೇಲೆ ಸಿಟ್ಟಾದಳು. ಕೊನೆಗೆ ಅದೇ ಅಳತೆಯನ್ನು ದಿನಕ್ಕೆ ನಾಲ್ಕು ಪಾಲು ಮಾಡಿ, ಬೇಯಿಸಿದ ಹುರುಳಿಕಾಯಿ ಬೆರೆಸಿ ಕೊಟ್ಟಳು. ತಟ್ಟೆ ನಾಲ್ಕು ಸಲ ತುಂಬಿದ್ದರಿಂದ ಇಬ್ಬರಿಗೂ ಸಮಾಧಾನವಾಯಿತು.

ಈ ಹಂತದಲ್ಲಿ ಎಡವುವವರು ಬಹಳ. ನಾಯಿ ಓಡಾಡತೊಡಗಿತು, ಔಷಧ ಯಾಕೆ ಎಂದು ನಿಲ್ಲಿಸುತ್ತಾರೆ. ನನಗೂ ಒಮ್ಮೆ ಹಾಗೆನ್ನಿಸಿತು. ಪ್ರೆಡ್ನಿಸೊಲೋನನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ತಾನಾಗಿ ತಯಾರಿಸಬೇಕಾದ ರಸವಿಲ್ಲದೆ ನಾಯಿ ಕುಸಿದು ಬೀಳಬಹುದು, ರೋಗವೂ ಮರಳಬಹುದು. ಕೆಲವು ವಾರಕ್ಕೊಮ್ಮೆ ರಕ್ತ ನೋಡಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ನಮಗೆ ಇದಕ್ಕೆ ಏಳು ತಿಂಗಳು ಹಿಡಿಯಿತು. ಸಾಲ ತೀರಿಸುವಾಗ ಕೊನೆಯ ಕಂತನ್ನು ತಪ್ಪಿಸಬಾರದೆಂಬುದು ನಮಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಇನ್ನು, ನಾನು ಉತ್ತರ ಕೊಡದೆ ನಿಂತ ಪ್ರಶ್ನೆಯ ವಿಷಯ.

ನಮ್ಮ ವಯನಾಡಿನವರಿಗೆ ಉಣುಗಿನ ಅಪಾಯ ಗೊತ್ತಿಲ್ಲದ್ದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 2015ರಲ್ಲಿ ನಮ್ಮ ಕಾಡಂಚಿನ ಊರುಗಳಲ್ಲಿ ಮನುಷ್ಯರ ಜೀವ ತೆಗೆಯಿತು. ಅದನ್ನು ಹರಡುವ ಉಣುಗು ಬೇರೆ ಜಾತಿಯದು, ಆದರೂ ಪಾಠ ಒಂದೇ. ಹೀಗಿದ್ದೂ ಹಿಂದಿನ ವರ್ಷ ಪೇಟೆಯ ವೈದ್ಯರು ಮೋತಿಗೆ ಉಣುಗಿನ ಮದ್ದು ಹಾಕಿ ಎಂದಾಗ ಬೇಡವೆಂದವನು ನಾನು. ಜೀವ ಕೊಲ್ಲುವ ಮದ್ದು ನಮ್ಮ ಮನೆಗೆ ಬರಬಾರದು ಎಂದೆ. ಭಾನುವಾರಕ್ಕೊಮ್ಮೆ ಕುಳಿತು ಚಿಮುಟದಿಂದ ಉಣುಗು ತೆಗೆದು, ಒಂದನ್ನೂ ಕೊಲ್ಲದೆ, ಕಾಗದದಲ್ಲಿ ಒಯ್ದು ಬೇಲಿಯ ಬುಡದಲ್ಲಿ ಬಿಡುತ್ತಿದ್ದೆ. ಮೊಮ್ಮಗಳಿಗೆ ಅದನ್ನು ತೋರಿಸಿ, "ನೋಡಮ್ಮ, ಇದು ಅಹಿಂಸೆ" ಎಂದು ಹೇಳಿದ್ದೂ ಉಂಟು.

ಪೂಕೋಡಿನ ವೈದ್ಯರು ಕೇಳಿದಾಗ ಇದನ್ನೆಲ್ಲ ಹೇಳಬೇಕಾಯಿತು. ಅವರು ಬೈಯಲಿಲ್ಲ. ಇಷ್ಟೇ ಹೇಳಿದರು: "ರಕ್ತ ಕುಡಿದು ಉಬ್ಬಿದ ಒಂದು ಹೆಣ್ಣು ಉಣುಗು ನೆಲಕ್ಕೆ ಬಿದ್ದ ಮೇಲೆ ಸಾವಿರಾರು ಮೊಟ್ಟೆ ಇಡುತ್ತದೆ. ನೀವು ಬಿಟ್ಟ ಜಾಗ ಅದಕ್ಕೆ ಬಹಳ ಅನುಕೂಲ." ಮೋತಿ ದಿನವೂ ಟೈಗರಿನೊಡನೆ ಜಗಳಕ್ಕೆ ನಿಲ್ಲುತ್ತಿದ್ದುದು ಅದೇ ಬೇಲಿಯ ಬುಡದಲ್ಲಿ.

ಮನೆಗೆ ಬಂದ ಮೇಲೆ ಮೊಮ್ಮಗಳು ಕೇಳಿದಳು: "ಅಜ್ಜ, ಉಣುಗಿಗೂ ಜೀವ ಇದೆ, ಮೋತಿಗೂ ಇದೆ. ಹಾಗಾದರೆ ನಾವು ಏನು ಮಾಡಬೇಕಿತ್ತು?" ಮೋತಿಯ ಕಾಯಿಲೆಗಿಂತ ಈ ಪ್ರಶ್ನೆ ನನ್ನನ್ನು ಹೆಚ್ಚು ದಿನ ಕಾಡಿತು.

ಬಸದಿಯಲ್ಲಿ ಶಾಸ್ತ್ರ ಓದಿದ ಹಿರಿಯರೊಬ್ಬರನ್ನು ಕೇಳಿದೆ. ಹಿಂಸೆಯಲ್ಲಿ ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯೆಂದೂ, ಗೃಹಸ್ಥ ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಪೂರ್ತಿ ಬಿಡಬೇಕು, ಉಳಿದ ಮೂರನ್ನು ಎಚ್ಚರದಿಂದ ಕಡಿಮೆ ಮಾಡುತ್ತ ಹೋಗಬೇಕೆಂದೂ ನಾವೆಲ್ಲ ಕೇಳಿದ್ದೇವೆ. ಅವರು ಅದನ್ನು ಹೇಳಿ, ಮದ್ದು ಹಾಕು ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. "ಹಿಂಸೆಯ ಬೇರು ಪ್ರಮಾದ. ನೀವು ಉಣುಗನ್ನು ಬಿಟ್ಟಿರಿ, ಸರಿ. ಬಿಟ್ಟ ಮೇಲೆ ಏನಾಗುತ್ತದೆಂದು ನೋಡಿದಿರಾ?" ಎಂದು ಕೇಳಿದರು. ನೋಡಿರಲಿಲ್ಲ. ನನ್ನ ಕೈ ಶುದ್ಧವಾಗಿರಲಿ ಎಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಕಣ್ಣು ಹಳದಿಯಾಗಿದೆ ಎಂದಾಗ ಸಂಜೆ ನೋಡೋಣ ಎಂದೆನಲ್ಲ, ಅದೂ ಪ್ರಮಾದವೇ. ಎರಡಕ್ಕೂ ಬೆಲೆ ತೆತ್ತವಳು ಮೋತಿ.

ಈಗ ನಾವು ಮಾಡುತ್ತಿರುವುದನ್ನು ಇದ್ದಂತೆ ಹೇಳುತ್ತೇನೆ. ಬೇಲಿಯ ಬುಡದ ಕಳೆಯನ್ನು ತಿಂಗಳಿಗೊಮ್ಮೆ ಸವರಿಸುತ್ತೇವೆ. ಮೋತಿ ಮಲಗುವ ಜಾಗದ ಗೋಡೆಯ ಬಿರುಕುಗಳಿಗೆ ಸಿಮೆಂಟು ಬಳಿದಿದ್ದೇವೆ. ಅವಳ ಹಾಸು ವಾರಕ್ಕೊಮ್ಮೆ ಬಿಸಿಲಿಗೆ ಬೀಳುತ್ತದೆ. ಪ್ರತಿ ಸಂಜೆ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಮೊಮ್ಮಗಳು ಹುಡುಕುತ್ತಾಳೆ. ಉಣುಗು ಹತ್ತದಂತೆ ದೂರ ಇಡುವ ಔಷಧದ ಪಟ್ಟಿಯನ್ನು ಕೊರಳಿಗೆ ಕಟ್ಟಿದ್ದೇವೆ. ಅದಕ್ಕೂ ಮೀರಿ ಅಂಟಿದ ಉಣುಗು ಅದರಿಂದ ಸಾಯುವುದುಂಟು. ಇಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ಅದಕ್ಕಾಗಿ ಪ್ರತಿಕ್ರಮಣದಲ್ಲಿ ಕ್ಷಮೆ ಕೇಳುತ್ತೇನೆ. ಬೇಲಿಯ ಬುಡದಲ್ಲಿ ಸಾವಿರ ಹುಟ್ಟಲು ಬಿಟ್ಟು, ಆಮೇಲೆ ಆ ಸಾವಿರವನ್ನೂ ಮೋತಿಯನ್ನೂ ಕಷ್ಟಕ್ಕೆ ಗುರಿಮಾಡುವುದಕ್ಕಿಂತ, ಮೊದಲೇ ಬಾರದಂತೆ ನೋಡಿಕೊಳ್ಳುವುದರಲ್ಲಿ ಹಿಂಸೆ ಕಡಿಮೆ ಎಂಬುದು ನನ್ನ ಲೆಕ್ಕ. ನಿಮ್ಮ ಲೆಕ್ಕ ಬೇರೆ ಇದ್ದರೆ ಬರೆಯಿರಿ, ಓದುತ್ತೇನೆ. ಸೊಲ್ಲಾಪುರ, ಅಕ್ಕಲಕೋಟೆಯ ಒಣ ನೆಲದವರು ನಮಗೆ ಈ ಚಿಂತೆಯಿಲ್ಲ ಎಂದುಕೊಳ್ಳಬೇಡಿ. ನಾಯಿಯ ಕಂದು ಉಣುಗಿಗೆ ಕಾಡು ಬೇಕಿಲ್ಲ. ಮನೆಯ ಗೋಡೆಯ ಸಂದಿಯೇ ಸಾಕು.

ನಾಯಿ ಸಾಕಿದ ಮನೆಗಳಿಗೆ ನಾಲ್ಕು ಮಾತು. ಒಂದು, ವಾರಕ್ಕೊಮ್ಮೆ ನಾಯಿಯ ತುಟಿ ಎತ್ತಿ ಒಸಡು ನೋಡಿ. ಆರೋಗ್ಯದಲ್ಲಿ ಅದರ ಬಣ್ಣ ಹೇಗಿರುತ್ತದೆಂದು ಗೊತ್ತಿದ್ದರೆ ಬೆಳ್ಳಗಾದದ್ದು ಬೇಗ ತಿಳಿಯುತ್ತದೆ. ಎರಡು, ಒಸಡು ಬೆಳ್ಳಗಾದರೆ, ಕಣ್ಣು ಹಳದಿಯಾದರೆ, ಮೂತ್ರ ಕಪ್ಪಾದರೆ ಆ ದಿನವೇ ವೈದ್ಯರಲ್ಲಿಗೆ ಹೋಗಿ. ನಾನು ಕಳೆದ ಮೂರು ದಿನವನ್ನು ನೀವು ಕಳೆಯಬೇಡಿ. ಮೂರು, ಮನುಷ್ಯರ ಮಾತ್ರೆಯನ್ನು, ಅದರಲ್ಲೂ ಪ್ಯಾರಾಸಿಟಮಾಲನ್ನು, ಕೇಳದೆ ಕೊಡಬೇಡಿ. ನಾಲ್ಕು, ಈ ರೋಗ ಬಂದು ಹೋದ ನಾಯಿಗೆ ಮುಂದೆ ಲಸಿಕೆ ಹಾಕಿಸುವ ಮೊದಲು ಕಾಯಿಲೆಯ ಚರಿತ್ರೆಯನ್ನು ವೈದ್ಯರಿಗೆ ಹೇಳಿ. ಯಾವುದು ಬೇಕು, ಯಾವುದು ಬೇಡ ಎಂದು ಅವರು ನೋಡುತ್ತಾರೆ.

ಇನ್ನು ಜತ್ತದ ಸಹೋದರಿಯ ಪ್ರಶ್ನೆ. ಅಮ್ಮಾ, ನಮಗೆ ಏಳು ತಿಂಗಳಲ್ಲಿ ಖರ್ಚಾದದ್ದು 38,000 ರೂಪಾಯಿ. ಆ ವರ್ಷದ ಧಾರಣೆಯಲ್ಲಿ ಒಂದು ಕ್ವಿಂಟಲ್ ಮೆಣಸಿನ ಬೆಲೆಯಷ್ಟೂ ಅಲ್ಲ. ನಮ್ಮಲ್ಲಿ ಇತ್ತು, ಕೊಟ್ಟೆವು. ಇಲ್ಲದವರು ಕೊಡಲಾರದೆ ಹೋದರೆ ಅವರಿಗೆ ದಯೆ ಇಲ್ಲವೆಂದು ನಾನು ಹೇಳಲಾರೆ. ಮಾಡಿದ್ದೆಲ್ಲ ಮಾಡಿಯೂ ಉಳಿಯದ ನಾಯಿಗಳಿವೆ. ಪೂಕೋಡಿನಲ್ಲಿ ನಮ್ಮ ಪಕ್ಕದ ಬೆಂಚಿನಲ್ಲಿ ಕುಳಿತಿದ್ದ ಹುಡುಗ ಒಂಬತ್ತನೆಯ ದಿನ ಖಾಲಿ ಸರಪಳಿ ಹಿಡಿದು ಹೋದದ್ದನ್ನು ನಾನು ನೋಡಿದ್ದೇನೆ. ಅವನು ನನಗಿಂತ ಕಡಿಮೆ ಮಾಡಿರಲಿಲ್ಲ.

ಮೋಹವೋ ದಯೆಯೋ ಎಂದು ಕೇಳಿದ್ದೀರಿ. ನನಗೆ ತಿಳಿದಂತೆ, ನಾಯಿ ಇಲ್ಲದೆ ನನಗೆ ಹೇಗಾದೀತು ಎಂದು ನನ್ನ ಕಡೆಯಿಂದಲೇ ಯೋಚಿಸಿದಾಗ ಅದು ಮೋಹ. ಅದಕ್ಕೆ ಈಗ ಏನು ಕಷ್ಟ, ಏನು ಬೇಕು ಎಂದು ಅದರ ಕಡೆಯಿಂದ ನೋಡಿದಾಗ ದಯೆ. ನನ್ನಲ್ಲಿ ಎರಡೂ ಬೆರೆತಿದ್ದವು. ಬಿಡಿಸಿ ತೂಗಲು ನನ್ನ ತಕ್ಕಡಿಗೆ ಆಗಲಿಲ್ಲ. ಒಂದು ಸೂಜಿಯ ಮಾತನ್ನು ಇವತ್ತು ರಾತ್ರಿ ತೀರ್ಮಾನಿಸಬೇಡಿ. ಬೆಳಗಾಗಲಿ. ವೈದ್ಯರಲ್ಲಿ ಮೂರು ಸಂಗತಿ ಕೇಳಿ: ಇಂದಿನ ಪಿ.ಸಿ.ವಿ. ಎಷ್ಟು, ನಿನ್ನೆ ಎಷ್ಟಿತ್ತು, ಕಾರಣ ಸಿಕ್ಕಿತೇ. ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆಯಿರಿ. ನಿಮ್ಮ ಯಜಮಾನರಿಗೂ ತೋರಿಸಿ. ಆಮೇಲೆ ಇಬ್ಬರೂ ಸೇರಿ ಮಾಡುವ ತೀರ್ಮಾನ ಯಾವುದಾದರೂ ಅದರಲ್ಲಿ ಪ್ರಮಾದ ಇರುವುದಿಲ್ಲ.

ಮೋತಿ ಇದ್ದಾಳೆ. ಕೊನೆಯ ಸಲ ನೋಡಿದಾಗ ಪಿ.ಸಿ.ವಿ. 42. ರೋಗ ಮರಳಬಹುದೆಂದು ವೈದ್ಯರು ಎಚ್ಚರಿಸಿದ್ದಾರೆ. ಆದ್ದರಿಂದ ಮನೆಯಾಕೆ ದಿನವೂ ಬೆಳಿಗ್ಗೆ ಅವಳ ತುಟಿ ಎತ್ತಿ ನೋಡಿ, ಒಳಗಿನಿಂದ "ಕೆಂಪಗಿದೆ" ಎಂದು ಕೂಗಿ ಹೇಳುತ್ತಾಳೆ. ಅದನ್ನು ಕೇಳಿಯೇ ನಾನು ಅಂಗಡಿಗೆ ಹೊರಡುವುದು. ಈ ಸಾಲು ಬರೆಯುತ್ತಿರುವಾಗಲೂ ಬೇಲಿಯ ಹತ್ತಿರ ಅವಳೂ ಟೈಗರೂ ಬೊಗಳುತ್ತಿದ್ದಾರೆ. ಇಬ್ಬರಲ್ಲಿ ಯಾರಿಗೂ ಉಪಕಾರದ ನೆನಪಿಲ್ಲ.

ನಿಮ್ಮ ನಾಯಿಯ ಹೆಸರನ್ನು ಕಾಗದದಲ್ಲಿ ಬರೆದಿರಲಿಲ್ಲ, ಅಮ್ಮಾ. ಮುಂದಿನ ಕಾಗದದಲ್ಲಿ ಬರೆಯಿರಿ. ಪಿ.ಸಿ.ವಿ.ಯನ್ನೂ ಬರೆಯಿರಿ.